ಚಾದಂಗಡಿಯ ಒಳಗಿನ ಬಾಂಕು

ಮು. ಬಸರೀಕೊಪ್ಪ, ಪೋ. ಸಂಪಗಾಂವ
ತಾ. ಬೈಲಹೊಂಗಲ
ಸೋಮವಾರ, ೧೧ ಫೆಬ್ರುವರಿ ೧೯೭೪

ಚಿರಂಜೀವಿ ಬಾಳೂ,

ನಿನ್ನ ಸೋದರಮಾವ ದುರ್ಗಪ್ಪ ಇಲ್ಲಿಂದಲೇ ಕೈಚಾಚಿ ನಿನ್ನ ತಲೆ ಸವರುತ್ತಿದ್ದಾನೆ ಅಂದುಕೊ. ನಿನ್ನ ಪತ್ರ ಬಂದು ಇಂದಿಗೆ ಹದಿನಾಲ್ಕು ದಿನವಾಯಿತು. ಹದಿನಾಲ್ಕು ದಿನ ಉತ್ತರ ಬರೆಯದ ಮಾವ ಒಂದೋ ಸತ್ತಿರಬೇಕು, ಇಲ್ಲವೇ ಸಾವ್ಕಾರನಾಗಿರಬೇಕು. ಎರಡೂ ಆಗಿಲ್ಲ. ಕ್ಷಮಿಸು ಎಂದು ಅಳಿಯನಿಗೆ ಬರೆಯುವುದು ನಮ್ಮ ಮನೆತನದಲ್ಲಿ ರೂಢಿಯಿಲ್ಲ, ಆದರೂ ಬರೆದಿದ್ದೇನೆ. ಈ ಪತ್ರ ಮುಗಿಯುವುದರೊಳಗೆ ಇನ್ನೊಮ್ಮೆ ಬರೆಯಬೇಕಾಗುತ್ತದೆ.

‘ಇತ್ತ ಎಲ್ಲರೂ ಸುಖರೂಪ’ ಎಂದು ಬರೆದು ಒಂದು ಕಾಗದ ಹರಿದೆ. ಮತ್ತೆ ಅದನ್ನೇ ಬರೆದು ಇನ್ನೊಂದು ಹರಿದೆ. ಹೀಗಾಗಿ ಈ ಸಲ ಆ ಸಾಲನ್ನೇ ದಾಟಿ ಮುಂದೆ ಹೋಗುತ್ತೇನೆ. ನಿಮ್ಮ ಎಮ್ಮೆ ಈದಿದೆ, ಹೆಣ್ಣುಗರು. ಅಕ್ಕ ಮೊದಲ ಮೂರು ದಿನದ ಗಿಣ್ಣ ಕಾಯಿಸಿ ಕೇರಿಗೆಲ್ಲ ಹಂಚಿದಳು. ನಿನ್ನ ಪಾಲಿನದನ್ನು ನಾನೇ ತಿಂದೆ, ನಿನಗೆ ಮುಟ್ಟಿತು ಎಂದು ತಿಳಿ. ಬೈಲಹೊಂಗಲದ ಮಾರ್ಕೆಟ್ಟಿನಲ್ಲಿ ಹತ್ತಿ ಸುಗ್ಗಿ ಜೋರಾಗಿದೆ. ಇಪ್ಪತ್ತು ವರ್ಷದ ಹುಡುಗರು ಇಬ್ಬಿಬ್ಬರು ಸೇರಿ ಎತ್ತುವ ಹತ್ತಿಯ ಅಂಡಿಗೆಯನ್ನು ಈ ಐವತ್ತರ ಪ್ರಾಯದಲ್ಲಿ ನಾನೊಬ್ಬನೇ ಎತ್ತುತ್ತೇನೆ. ನಂಬಿಕೆ ಇಲ್ಲದಿದ್ದರೆ ನನ್ನ ಜೊತೆಯ ಹಮಾಲ ಜಟ್ಟೆಪ್ಪನನ್ನು ಕೇಳು. ಅವನು ಇಲ್ಲ ಅಂದರೆ ಅವನ ಮಾತು ನಂಬಬೇಡ.

ಹಮಾಲರೆಲ್ಲ ಈಗ ನನ್ನನ್ನು ‘ಡೆನ್ಮಾರ್ಕ ದುರ್ಗಪ್ಪ’ ಎಂದು ಕರೆಯುತ್ತಾರೆ. ಇದರಲ್ಲಿ ನನ್ನ ತಪ್ಪು ಸ್ವಲ್ಪ ಇದೆ. ನೀನು ಅಲ್ಲಿದ್ದ ಮೂರು ತಿಂಗಳು ನಾನು ಅಂಡಿಗೆಯ ಮೇಲೆ ಕುಳಿತು ದಿನಕ್ಕೊಂದು ಸುದ್ದಿ ಹೇಳುತ್ತಿದ್ದೆ.

“ಅದು ಎಲ್ಲಿ ಬರತೈತೋ ದುರ್ಗಪ್ಪಾ, ಆ ಊರು?” ಎಂದು ಜಟ್ಟೆಪ್ಪ ಕೇಳಿದ.

“ಲಂಡನ್ನಿನ ಹಿಂದಿನ ಓಣಿ,” ಅಂದೆ. “ಅಲ್ಲೆ ಮಂತ್ರಿನೂ ಸೈಕಲ್ ಮ್ಯಾಲೆ ಕಚೇರಿಗೆ ಹೊಕ್ಕಾನ. ನಮ್ಮ ಬಾಳೂನ್ನ ನೋಡಿ ಸೈಕಲ್ಲಿಂದ ಇಳದು ನಮಸ್ಕಾರ ಮಾಡಿದ್ನಂತ.”

“ಗಂಟೆರೆ ಬಾರಿಸಿದ್ನಿಲ್ಲೋ?” ಅಂದ ಆ ಬದ್ಮಾಶ. ಅವತ್ತಿನಿಂದ ಹೆಸರು ಗಟ್ಟಿಯಾಯಿತು.

ಇಷ್ಟು ಬರೆಯುವುದರೊಳಗೆ ಒಂದು ಪುಟ ತುಂಬಿತು, ಹೇಳಬೇಕಾದದ್ದು ಇನ್ನೂ ಹೊಸಲಿನ ಹೊರಗೇ ನಿಂತಿದೆ. ಧಾರವಾಡದಿಂದ ಸುರು ಮಾಡುತ್ತೇನೆ, ಅಲ್ಲಿಂದ ಇಲ್ಲಿಗೆ ಬರುವುದು ಇಳಿಜಾರಿನ ದಾರಿ.

ನಿಮ್ಮ ವಿಶ್ವವಿದ್ಯಾಲಯದಲ್ಲಿ ಪರದೇಶಕ್ಕೆ ಹೋಗಿ ಬಂದ ಹುಡುಗರೆಲ್ಲ ತಮ್ಮ ಅನುಭವ ಹೇಳುವ ಸಭೆ ಇದೆ, ಬಾ ಮಾಮಾ ಎಂದು ಕಳೆದ ತಿಂಗಳು ಬರೆದಿದ್ದೆ. ಬಂದೆ. ಇಸ್ತ್ರಿ ಮಾಡಿಸಿದ ಧೋತರ ಉಟ್ಟು, ಎಲ್ಲರಿಗಿಂತ ಮೊದಲೇ ಹೋಗಿ ಕಡೆಯ ಸಾಲಿನಲ್ಲಿ ಕುಳಿತೆ. ಮುಂದೆ ಬಾ ಎಂದು ನೀನು ಎರಡು ಸಲ ಕೈ ಬೀಸಿದೆ. ಇಲ್ಲಿಂದ ಚಲೋ ಕಾಣುತ್ತದೆ ಎಂದು ನಾನೂ ಎರಡು ಸಲ ಕೈ ಬೀಸಿದೆ. ರಾಯಪ್ಪ ಮಾಸ್ತರರ ಸಾಲೆಯಲ್ಲಿ ನಾಲ್ಕು ವರ್ಷ ಕಿಟಕಿಯ ಹೊರಗಿನ ಕಟ್ಟೆಯ ಮೇಲೆ ಕುಳಿತು ಕಲಿತವನು ನಾನು. ಒಳಗೆ ಕುಳಿತು ಪಾಠ ಕೇಳುವುದೇ ನನಗೆ ಹೊಸದು, ಮುಂದಿನ ಸಾಲು ಇನ್ನೊಂದು ದಿನಕ್ಕಿರಲಿ ಅನ್ನಿಸಿತು.

ನಿನ್ನ ಜೊತೆ ಹೋಗಿದ್ದ ಇಬ್ಬರ ಮಾತೂ ನನಗೆ ನೆನಪಿದೆ. ಸವದತ್ತಿಯ ಪೂಜಾರಿಕೆಯ ಮನೆಯ ಹುಡುಗ ತ್ರ್ಯಂಬಕ ಮೊದಲು ಎದ್ದ. ಮೊದಲ ದಿನ ಊಟಕ್ಕೆ ಕುಳಿತಾಗ ಮನೆಯ ರೂಢಿಯಂತೆ ತಾಟಿನ ಸುತ್ತ ನೀರು ತಿರುವಿ ಮಂತ್ರ ಹೇಳಿದನಂತೆ. ಮೇಜಿಗೆ ಕುಳಿತಿದ್ದ ಏಳೂ ಮಂದಿ ಚಮಚೆ ಕೆಳಗಿಟ್ಟು ನೋಡಿದರಂತೆ. ಮರುದಿನ ಏಳೂ ಮಂದಿ ತಮ್ಮ ತಮ್ಮ ತಾಟಿನ ಸುತ್ತ ನೀರು ತಿರುವಿದರಂತೆ. ಸಭೆಯೆಲ್ಲ ನಕ್ಕಿತು. ಆಮೇಲೆ ಅವನು, “ಅಲ್ಲೆ ಯಾರೂ ನೀ ಯಾರವ ಅಂತ ಕೇಳಲಿಲ್ರಿ. ಒಂದು ತಿಂಗಳು ಭಾಳ ಹಗುರ ಅನಿಸ್ತು. ಎರಡನೇ ತಿಂಗಳು ಹೆದರಿಕಿ ಬಂತು, ಯಾರೂ ಕೇಳದಿದ್ರ ನಾ ಯಾರು ಅಂತ,” ಅಂದ. ಹುಡುಗ ಖರೆ ಹೇಳಿದ. ಆದರೆ ನನಗೆ ಒಳಗೊಳಗೇ ನಗು. ನೀ ಯಾರವ ಎಂದು ಕೇಳಿಸಿಕೊಂಡು ಕೇಳಿಸಿಕೊಂಡು ಸಾಕಾದವರಿಗೂ, ಯಾರಾದರೂ ಕೇಳಲಿ ಎಂದು ಹಂಬಲಿಸುವವರಿಗೂ ಒಂದೇ ವಿಮಾನದಲ್ಲಿ ಟಿಕೀಟು ಸಿಗುತ್ತದೆ, ನೋಡು.

ರಾಮದುರ್ಗದ ಲೀಲಾ ಎರಡನೆಯವಳು. ಅಲ್ಲಿ ಸಂಜೆ ಕತ್ತಲಲ್ಲಿ ಒಬ್ಬಳೇ ಸೈಕಲ್ ಹೊಡೆಯುತ್ತಿದ್ದೆ, ಹಿಂದಿನಿಂದ ಯಾರೂ ಸಿಳ್ಳು ಹಾಕಲಿಲ್ಲ ಅಂದಳು. ಈಗ ಊರಿಗೆ ಬಂದ ಮೇಲೆ ಅಟ್ಟದಲ್ಲಿರುವ ತನ್ನ ಸೈಕಲ್ಲನ್ನು ನೋಡಿದರೆ ಸಿಟ್ಟು ಬರುತ್ತದೆ, ಮೊದಲು ಬರುತ್ತಿರಲಿಲ್ಲ ಅಂದಳು. ಅಷ್ಟೇ ಹೇಳಿ ಕುಳಿತಳು. ಇನ್ನೂ ಹೇಳುವುದಿತ್ತೇನೋ, ಅವಳ ಅಪ್ಪ ಮುಂದಿನ ಸಾಲಿನಲ್ಲೇ ಇದ್ದರು.

ಆಮೇಲೆ ನೀನು ಎದ್ದೆ.

ಅಲ್ಲಿಯ ಊಟದ ಮನೆಯಲ್ಲಿ ಮೊದಲ ದಿನ ತಾಟು ಹಿಡಿದು ಬಾಗಿಲಲ್ಲೇ ನಿಂತೆ, ಎಲ್ಲರೂ ಕುಳಿತಾದ ಮೇಲೂ ನಿಂತೇ ಇದ್ದೆ ಎಂದು ನೀನು ಹೇಳಿದೆ. ಅಡಿಗೆಯ ಮುದುಕಿ ಬಂದು ಯಾಕೆ ನಿಂತಿದ್ದೀ ಎಂದು ಕೇಳಿದಳು, ನನಗೂ ಗೊತ್ತಿರಲಿಲ್ಲ ಅಂದೆ. “ಧಾರವಾಡದ ಮೆಸ್ಸಿನೊಳಗ ನಾ ಎಂದೂ ಹಂಗ ನಿಂತಾವಲ್ಲ. ಹೊಸಾ ಜಾಗಾದೊಳಗ ಮೈ ತಾನ ನಿಂತ ಬಿಡ್ತು,” ಅಂದೆ. ಮುದುಕಿ ನಿನ್ನ ರಟ್ಟೆ ಹಿಡಿದು ಒಯ್ದು ತನ್ನ ಮಗ್ಗುಲಿಗೆ ಕೂಡಿಸಿಕೊಂಡಳು ಅಂದೆ.

ಅಲ್ಲಿಗೇ ನಿಲ್ಲಿಸಿದ್ದರೆ ಚಲೋ ಇತ್ತು ಬಾಳೂ. ನೀನು ಮುಂದುವರಿಸಿದೆ. “ಅಲ್ಲಿಂದ ನಾ ಊರ ಮ್ಯಾಲೆ ಸಿಟ್ಟು ತಗೊಂಡು ಬಂದಿದ್ದೆ. ನಮ್ಮೂರು ನನಗ ನಾಚಿಗಿ ಆಗೂಹಂಗ ಮಾಡಿತು. ನಮ್ಮಪ್ಪ ಹೊರಗ ಕುಕ್ಕರಗಾಲಿಲೆ ಕುಂತು, ಬ್ಯಾರೆ ಇಟ್ಟ ಗಲಾಸಿನಾಗ ಚಾ ಕುಡದ ಅಂಗಡಿ ಅದು. ಅದ ಅಂಗಡಿಯವರು ನನ್ನ ಒಳಗ ಕರದರು, ಕಟ್ಟಿಗಿ ಬಾಂಕಿನ ಮ್ಯಾಲೆ ಹಾಸಿ ಕೂಡಿಸಿದರು, ಚಂದನ್ನ ಕಪ್ಪು-ಬಸಿಯೊಳಗ ಚಾ ಕೊಟ್ಟರು. ಕೂಡಾಕ ಒಂದು ಜಾಗಾ ಹುಡುಕ್ಕೊಂತ ಅಷ್ಟು ದೂರ ಹೋಗಿದ್ದೆ, ಅದು ನಮ್ಮೂರಾಗ ಇತ್ತು.”

ಚಪ್ಪಾಳೆ ಬಿತ್ತು. ಎಲ್ಲರಿಗಿಂತ ಜೋರಾಗಿ ಹೊಡೆದವನು ನಾನು. ಪಕ್ಕದಲ್ಲಿದ್ದವರು ತಿರುಗಿ ನೋಡಿದರು. ಹೊಡೆಯುವುದನ್ನು ನಿಲ್ಲಿಸಿದರೆ ಮುಖ ಎಲ್ಲಿಡಬೇಕು ಎಂದು ತಿಳಿಯದೆ ಇನ್ನೂ ಹೊಡೆಯುತ್ತಲೇ ಇದ್ದೆ.

ಹೊರಗೆ ಬಂದ ಮೇಲೆ ನಿಮ್ಮ ಪ್ರೊಫೆಸರರು ನನ್ನ ಕೈ ಹಿಡಿದು, “ನಿಮ್ಮೂರವರ ದೊಡ್ಡ ಮನಸ್ಸು ನೋಡ್ರಿ,” ಅಂದರು. ನಾನು ಊರಿನ ಪರವಾಗಿ ಆ ಹೊಗಳಿಕೆಯನ್ನು ಇಸಿದುಕೊಂಡೆ. ಊರಿಗೆ ಬಂದು ನಿನ್ನ ಮಾತನ್ನೆಲ್ಲ ಅಕ್ಕನಿಗೆ ಮೂರು ಸಲ ಹೇಳಿದೆ, ಒಂದೊಂದು ಸಲವೂ ಚಪ್ಪಾಳೆಯನ್ನು ಸ್ವಲ್ಪ ಉದ್ದ ಮಾಡಿ.

ಅದರ ಹಿಂದೆಯೇ ನಿನ್ನ ಪತ್ರ ಬಂತು. ಡೆನ್ಮಾರ್ಕಿನ ನಾಲ್ಕು ಮಂದಿ ವಿದ್ಯಾರ್ಥಿಗಳು ಈಗ ಧಾರವಾಡಕ್ಕೆ ಬಂದಿದ್ದಾರೆ, ೨೪ನೇ ತಾರೀಕು ಭಾನುವಾರ ಪ್ರೊಫೆಸರರ ಜೊತೆ ಅವರನ್ನು ಊರಿಗೆ ಕರೆತರುತ್ತೇನೆ, ಎಲ್ಲರೂ ಅದೇ ನೀಲಪ್ಪನ ಚಾದಂಗಡಿಯಲ್ಲಿ ಕುಳಿತು ಚಹಾ ಕುಡಿಯುತ್ತೇವೆ, ಈ ಸಲ ಅವ್ವನೂ ಒಳಗೆ ನಮ್ಮ ಪಕ್ಕದಲ್ಲಿ ಕೂಡಬೇಕು, ನೀಲಪ್ಪಣ್ಣನಿಗೆ ಮೊದಲೇ ತಿಳಿಸು ಎಂದು ಬರೆದಿದ್ದೆ. ನಿನ್ನ ಭಾಷಣ ವಿಶ್ವವಿದ್ಯಾಲಯದ ಪತ್ರಿಕೆಯಲ್ಲಿ ಅಚ್ಚಾಗುತ್ತದೆ ಎಂದೂ ಬರೆದಿದ್ದೆ. ಅಕ್ಕ ನೆಲದ ಮೇಲೆ ಕುಳಿತು ಕೇಳಿದಳು. ಅವಳಿಗೆ ಅಕ್ಷರ ಬಾರದು, ಆದರೂ ಓದಿ ಮುಗಿದ ಮೇಲೆ ಕಾಗದ ಇಸಿದುಕೊಂಡು ಎರಡೂ ಮಗ್ಗುಲು ತಿರುವಿ ನೋಡಿದಳು.

ಈಗ ಕೇಳು. ಸುಳ್ಳು ಹೇಳುವುದರಲ್ಲಿ ನನ್ನನ್ನು ಮೀರಿಸಿದವರು ಬೈಲಹೊಂಗಲ ತಾಲೂಕಿನಲ್ಲಿ ಇಲ್ಲ, ಕಿತ್ತೂರ ಕಡೆ ಒಬ್ಬನಿದ್ದ, ಅವನೂ ತೀರಿಕೊಂಡ. ಆದರೆ ಖರೆ ಹೇಳುವುದು ಹೇಗೆ ಸುರು ಮಾಡಬೇಕೆಂದು ನನಗೆ ಯಾರೂ ಕಲಿಸಿಲ್ಲ. ತಪ್ಪಿದರೆ ತಿದ್ದಿಕೊ.

ನೀನು ಡಿಸೆಂಬರಿನಲ್ಲಿ ಬರುವ ನಾಲ್ಕು ದಿನ ಮೊದಲು ನಾನು ನೀಲಪ್ಪನ ಹತ್ತಿರ ಹೋಗಿದ್ದೆ. ಬೈಲಹೊಂಗಲದಲ್ಲಿ ನಾನು ಯಾವ ಹೋಟೆಲಿಗೆ ಹೋದರೂ ಎಲ್ಲರೂ ಕುಡಿಯುವ ಗ್ಲಾಸಿನಲ್ಲೇ ಕುಡಿಯುತ್ತೇನೆ, ಯಾರೂ ಕೇಳುವುದಿಲ್ಲ. ಬಸ್ಸಿನಲ್ಲಿ ಅರ್ಧ ತಾಸು ಕುಳಿತು ನಮ್ಮೂರಲ್ಲಿ ಇಳಿದರೆ ಗೋಡೆಯ ಹೊರಗಿನ ಗೂಡಿನಲ್ಲಿ ಕೇರಿಯವರಿಗೆಂದು ಇಟ್ಟ ಮೂರು ಅಲ್ಯುಮಿನಿ ಗಲಾಸು ನನಗಾಗಿ ಕಾಯುತ್ತಿರುತ್ತವೆ. ತೊಳೆದುಕೊಂಡು ಹಿಡಿಯಬೇಕು, ಅವನು ಮೇಲಿನಿಂದ ಹೊಯ್ಯುತ್ತಾನೆ, ಕುಡಿದು ತೊಳೆದು ಗೂಡಿನಲ್ಲಿಡಬೇಕು. ಇದು ನಿನಗೆ ಗೊತ್ತಿಲ್ಲದ್ದಲ್ಲ. ನನಗೆ ರೂಢಿಯಾಗಿದೆ. ನಿನಗೆ ರೂಢಿ ತಪ್ಪಿರುತ್ತದೆ ಎಂದು ನನಗೆ ಹೆದರಿಕೆಯಾಯಿತು. ಮೂರು ತಿಂಗಳು ಎಲ್ಲರ ಜೊತೆ ಮೇಜಿಗೆ ಕುಳಿತು ಬರುವವನು ಬಸ್ಸಿಳಿದವನೇ ನಾಕು ಮಂದಿಯ ಮುಂದೆ ಆ ಅಂಗಡಿಯೊಳಗೆ ಹೊಕ್ಕರೆ? ಅವರು ಎಬ್ಬಿಸಿದರೆ? ನೀನು ನಿನ್ನ ಅಪ್ಪನಂತೆ ತಲೆ ಬಗ್ಗಿಸಿ ಬರುವವನಲ್ಲ. ಜಗಳವಾಗುತ್ತದೆ, ನೀನು ಧಾರವಾಡಕ್ಕೆ ಹೋಗುತ್ತೀ, ಕೇರಿ ಇಲ್ಲೇ ಇರುತ್ತದೆ.

“ನೀಲಪ್ಪಣ್ಣಾ, ಒಂದ ಸಲ ನನ್ನ ಅಳಿಯಾನ ಒಳಗ ಕೂಡಸ್ರಿ,” ಅಂದೆ.

“ದುರ್ಗ್ಯಾ, ನನ್ನ ಮನಸ್ಸಿನ್ಯಾಗ ಏನೂ ಇಲ್ಲೋ,” ಅಂದ. ಅವನು ಕೆಟ್ಟವನಲ್ಲ ಬಾಳೂ, ಅದೇ ತೊಂದರೆ. “ರಾಮಲಿಂಗಪ್ಪಗೌಡ್ರು ದಿನಾ ಆ ಬಾಂಕಿನ ಮ್ಯಾಲೆ ಕುಂದರತಾರ. ಅವರು ಬರೂದ ಬಿಟ್ರ ಉಳದವರೂ ಬಿಡತಾರ. ನನ್ನ ಒಲಿ ಆರಿಸ್ತೀಯೇನ?”

ಅಲ್ಲಿ ನನ್ನ ತಲೆ ಓಡಿತು. ಅಂಥಾ ತಲೆ ಮತ್ತೆ ಓಡದಿರಲಿ. “ಅಂವಾ ಬಾಂಕು ಮುಟ್ಟೂದಿಲ್ಲ. ನಿಮ್ಮ ಗಲಾಸೂ ಮುಟ್ಟೂದಿಲ್ಲ. ಮುಟ್ಟಲಾರದ ಕುಂದರತಾನ,” ಅಂದೆ.

ಮಾರ್ಕೆಟ್ಟಿನಿಂದ ಒಂದು ಹೊಸ ಗೋಣಿ ತಂದೆ. ಕಲ್ಲಿನ ಮೇಲೆ ಬಡಿದು ಧೂಳು ತೆಗೆದು ನಾಲ್ಕು ಮಡಿಕೆ ಮಾಡಿ ಬಾಂಕಿನ ಮೇಲೆ ಹಾಸಿದೆ. ಅದರ ಮೇಲೆ ನಮ್ಮ ಮನೆಯ ಶುಭ್ರ ದುಪ್ಪಟಿ. ಬೆಳಗಾವಿಗೆ ಹೋಗಿ ನೀಲಿ ಹೂವಿನ, ಬಂಗಾರದ ಅಂಚಿನ ಒಂದು ಕಪ್ಪು-ಬಸಿ ತಂದು ನೀಲಪ್ಪನಿಗೆ ಕೊಟ್ಟೆ. ನೀನು ಬರುವ ಬಸ್ಸು ಮಧ್ಯಾಹ್ನದ್ದು, ಗೌಡರು ಊಟ ಮಾಡಿ ಮಲಗುವ ಹೊತ್ತು. ಉಳಿದ ಇಬ್ಬರು ಮೂವರಿಗೆ, ಪರದೇಶದಿಂದ ಬಂದವನು ಬೇರೆಯವರ ಕಪ್ಪಿನಲ್ಲಿ ಕುಡಿಯಬಾರದೆಂದು ಡಾಕ್ಟರರ ಆರ್ಡರ್ ಇದೆ ಎಂದು ಹೇಳಿದೆ. ಅವರಿಗೂ ಒಂದು ನೆವ ಬೇಕಾಗಿತ್ತು, ನಂಬಿದಂತೆ ಮಾಡಿದರು.

ನೀನು ಬಂದೆ. ನೀಲಪ್ಪ, “ಬರ್ರಿ ಬಾಳಪ್ಪನವರ, ಒಳಗ ಬರ್ರಿ,” ಅಂದ. ಹಾಗನ್ನು ಎಂದು ನಾನೇ ಹೇಳಿಕೊಟ್ಟಿದ್ದೆ, ಆದರೂ ‘ಅಪ್ಪನವರ’ ಎಂದು ಅವನು ತನ್ನ ಕೈಯಿಂದ ಸೇರಿಸಿದ. ನೀನು ನನ್ನ ಮುಖ ನೋಡಿದೆ.

“ಮಾಮಾ, ಇದು ಖರೇನಾ?”

“ಕಾಲ ಬದಲಾಗೇತೋ ಹುಚ್ಚಾ, ನಡಿ,” ಅಂದೆ.

ಹೊಸಲು ದಾಟುವಾಗ ಒಂದು ಚಣ ನಿಂತೆ ನೀನು, ತಾಟು ಹಿಡಿದು ಬಾಗಿಲಲ್ಲಿ ನಿಂತವನ ಹಾಗೆಯೇ ಇದ್ದಿರಬೇಕು. ಆಮೇಲೆ ಒಳಗೆ ಹೋಗಿ ಕುಳಿತೆ. ಹಾಸಿಗೆಯನ್ನು ಕೈಯಿಂದ ಸವರಿ, “ಇಷ್ಟ್ಯಾಕ ಮಾಡಿದ್ರಿ ನೀಲಪ್ಪಣ್ಣಾ,” ಅಂದೆ. ಒಳಗೆ ಬಾ ಎಂದು ನನ್ನನ್ನೂ ಕರೆದೆ. ನಾನು ಬೀಡಿ ಸೇದುತ್ತೇನೆ ಎಂದು ಹೊರಗೇ ನಿಂತೆ. ನನ್ನ ಹತ್ತಿರ ಬೀಡಿ ಇರಲಿಲ್ಲ. ಒಪ್ಪಂದ ಒಬ್ಬನಿಗೆ ಮಾತ್ರ ಆಗಿತ್ತು.

ನೀನು ಹೋದ ಮೇಲೆ ಗೋಣಿ, ದುಪ್ಪಟಿ ಎರಡನ್ನೂ ನಾನು ಮಡಚಿ ತಂದೆ. ಕಪ್ಪನ್ನು ನೀಲಪ್ಪ ತಾನು ಮುಟ್ಟದೆ ನನ್ನಿಂದಲೇ ತೊಳೆಸಿ, ಕಾಗದ ಸುತ್ತಿಸಿ ದನದ ಕೊಟ್ಟಿಗೆಯ ಜಂತಿಯ ಮೇಲೆ ಇಡಿಸಿದ. ಇದೇ ನಿನ್ನ ಊರಿನ ದೊಡ್ಡ ಮನಸ್ಸು. ಅದನ್ನು ಹೊಲಿದವನು ನಾನು.

ನಿನಗೆ ಗೊತ್ತಾಗಲಿಲ್ಲ ಎಂದು ಸಿಟ್ಟಿಗೇಳಬೇಡ. ಎಂ.ಎ. ಓದುವವನು ಹೇಗೆ ಮೋಸ ಹೋದೆ ಎಂದು ನಿನ್ನನ್ನು ನೀನೇ ಬೈದುಕೊಳ್ಳಬೇಡ. ನಿನಗೆ ಅದು ಖರೆಯಾಗಬೇಕಾಗಿತ್ತು. ಅಷ್ಟು ಬೇಕಾಗಿದ್ದವನ ಕಣ್ಣಿಗೆ ಗೋಣಿ ಗಾದಿಯಾಗಿ ಕಾಣುತ್ತದೆ. ನನಗೂ ಆ ಅರ್ಧ ತಾಸು ಹಾಗೆಯೇ ಕಂಡಿತು, ಹಾಸಿದವನೇ ನಾನಾಗಿದ್ದರೂ.

ನಿನ್ನ ಪತ್ರ ಬಂದ ಮೇಲೆ ಮತ್ತೆ ನೀಲಪ್ಪನ ಹತ್ತಿರ ಹೋದೆ.

“ಬಿಳೀ ಮಂದಿ ಬರಲಿ, ನನ್ನ ಗಲಾಸಿನ್ಯಾಗ ಕೊಡ್ತೇನಿ,” ಅಂದ. “ಪ್ರೊಫೆಸರ್ ಸಾಹೇಬ್ರೂ ಬರಲಿ. ನಿಮ್ಮ ಬಾಳೂಗ ಅವನ ಕಪ್ಪ ಐತಿ. ಆದ್ರ ಐದು ಮಂದಿಗೆ ಗಲಾಸು, ಅವಗೊಬ್ಬಗ ಹೂವಿನ ಕಪ್ಪು ಕೊಟ್ರ ಅವರು ಕೇಳೂದಿಲ್ಲೇನೋ?”

“ಮತ್ತ ನಮ್ಮಕ್ಕ?”

ಅವನು ಒಲೆ ಕೆದರಿದ.

ನನ್ನ ಹಾಳು ತಲೆ ಮತ್ತೆ ಓಡಿತು. ಎಲ್ಲರಿಗೂ ಹೂವಿನ ಕಪ್ಪೇ ಕೊಟ್ಟರೆ? ಬಾಂಕಿನ ಉದ್ದಕ್ಕೂ ಗೋಣಿ ಹಾಸಿದರೆ? ಬಿಳಿಯರೂ ಅದರ ಮೇಲೆ, ಪ್ರೊಫೆಸರರೂ ಅದರ ಮೇಲೆ, ನೀನೂ, ಅಕ್ಕನೂ ಅದರ ಮೇಲೆ. ಯಾರಿಗೂ ಏನೂ ಕಾಣುವುದಿಲ್ಲ. ಬೆಳಗಾವಿಗೆ ಹೋಗಿ ಅದೇ ನಮೂನೆಯ ಆರು ಕಪ್ಪು ಹುಡುಕಿ ತಂದೆ. ನೀಲಪ್ಪನೂ ಗೋಣು ಹಾಕಿದ, “ಹೆಣ್ಣಮಗಳು ಗೋಣಿ ಬಿಟ್ಟು ಸರೀಬಾರದು ನೋಡು,” ಎಂದು ಅಷ್ಟೇ ಅಂದ. ಎಲ್ಲ ತಯಾರಾಗಿತ್ತು. ನಿನ್ನ ಭಾಷಣ ಅಚ್ಚಾಗುತ್ತಿತ್ತು. ಪರದೇಶದವರು ಫೋಟೋ ತೆಗೆದುಕೊಂಡು ಹೋಗುತ್ತಿದ್ದರು. ಡೆನ್ಮಾರ್ಕ ದುರ್ಗಪ್ಪ ಮಾರ್ಕೆಟ್ಟಿನಲ್ಲಿ ಇನ್ನೊಂದು ವರ್ಷ ಅದರ ಮೇಲೆ ಬದುಕುತ್ತಿದ್ದ.

ಅದನ್ನು ನಾನು ಮಾಡುವುದಿಲ್ಲ. ಆ ಆರು ಕಪ್ಪು ಈಗ ನಮ್ಮ ಮನೆಯಲ್ಲಿವೆ, ಹುಲ್ಲಿನಲ್ಲಿ ಸುತ್ತಿಟ್ಟಿದ್ದೇನೆ. ಯಾಕೆ ಮನಸ್ಸು ತಿರುಗಿತು ಎಂದು ಕೇಳಬೇಡ. ತಿರುಗಿತು.

ನಿನಗೆ ನಾನು ಏನು ಹೇಳಲಿ? ಭಾಷಣ ಅಚ್ಚಿಗೆ ಹೋಗುವ ಮೊದಲು ಆ ಕಡೆಯ ಮಾತು ತೆಗೆ, ಇಲ್ಲವೇ ಖರೆ ಬರೆ. ನಿನ್ನ ಮಾವನ ಹೆಸರು ಹಾಕಿ ಬರೆ, ನಾನು ಬೇಡ ಅನ್ನುವುದಿಲ್ಲ. ಪ್ರೊಫೆಸರರ ಮುಂದೆ ನಿನ್ನ ಮುಖ ಸಣ್ಣದಾಗುತ್ತದೆ, ಗೊತ್ತು. ೨೪ಕ್ಕೆ ಅವರನ್ನು ಕರೆತರುತ್ತೀಯೋ ಇಲ್ಲವೋ ಅದು ನಿನ್ನ ವಿಚಾರ. ಬೈಲಹೊಂಗಲದಲ್ಲೇ ಚಹಾ ಕುಡಿಸಿ ತಿರುಗಿ ಕಳಿಸಿದರೂ ನಿನ್ನನ್ನು ಹೇಡಿ ಅನ್ನುವವನು ನಾನಲ್ಲ, ಆ ಮಾತು ಆಡುವ ಹಕ್ಕು ನನಗಿಲ್ಲ. ಕರೆದುಕೊಂಡು ಬಂದೆಯಾದರೆ ಬಸ್ಸಿಳಿಯುವುದರೊಳಗೆ ಎಲ್ಲವನ್ನೂ ಅವರಿಗೆ ಹೇಳಿ ಮುಗಿಸು. ಆ ದಿನ ಗೋಣಿ ಇರುವುದಿಲ್ಲ. ನಾನು ಬೀಡಿಯ ನೆವ ಹೇಳುವುದಿಲ್ಲ. ಬರಿ ಬಾಂಕಿನ ಮೇಲೆ ನಿನ್ನ ಮಗ್ಗುಲಿಗೆ ಕೂಡುತ್ತೇನೆ. ಅಂಡಿಗೆ ಹೊರುವ ಕಾಲು ಇವು, ಅವತ್ತು ನಡುಗಿದರೆ ನಗಬೇಡ. ಆಮೇಲೆ ಏನಾಗುತ್ತದೆ ಎಂದು ನನಗೆ ಗೊತ್ತಿಲ್ಲ. ಕೇರಿಯವರಿಗೆ ಇನ್ನೂ ಹೇಳಿಲ್ಲ, ಹೇಳಿದರೆ ಅರ್ಧ ಮಂದಿ ನನ್ನನ್ನೇ ಹೊಡೆಯುತ್ತಾರೆ.

ನೀನು ಚಲೋ ಕಲಿ. ಥಂಡಿಯಲ್ಲಿ ಆ ಪರದೇಶದ ಕೋಟು ಹಾಕಿಕೊ, ನಾಚಬೇಡ. ಹೊತ್ತಿಗೆ ಸರಿಯಾಗಿ ಉಣ್ಣು. ನಿನ್ನಂಥವರು ಹತ್ತು ಮಂದಿ ನಮ್ಮ ಕೇರಿಯಲ್ಲಿ ಹುಟ್ಟಲಿ, ನನ್ನಂಥ ಮಾವ ಅವರಲ್ಲಿ ಒಬ್ಬನಿಗೂ ಇರದಿರಲಿ ಎಂದು ಹರಸುತ್ತೇನೆ. ಎರಡನೆಯ ಸಲ ಬರೆಯುತ್ತೇನೆ ಅಂದಿದ್ದೆನಲ್ಲ: ಕ್ಷಮಿಸು.

ನಿನ್ನ ಮಾಮಾ
ದುರ್ಗಪ್ಪ

ತಾ. ಕ.: ಕಾಗದ ಮಡಚಿ ಲಕೋಟೆಗೆ ಹಾಕಿ ಅಂಟಿಸಿದ್ದೆ. ಮತ್ತೆ ಬಿಚ್ಚಿದೆ. ಯಾಕೆ ಎಂದು ಕೇಳಬೇಡ ಎಂದು ಬರೆದದ್ದೂ ಒಂದು ಸುಳ್ಳಿನ ಜಾತಿಯೇ.

ಕಳೆದ ಬುಧವಾರ ಅಕ್ಕ ನೀಲಪ್ಪನ ಅಂಗಡಿಗೆ ಹೋಗಿದ್ದಳು. ಒಬ್ಬಳೇ. ಅವ್ವನೂ ಒಳಗೆ ಕೂಡಬೇಕು ಎಂದು ನೀನು ಬರೆದದ್ದನ್ನು ನಾನೇ ಅವಳಿಗೆ ಓದಿ ಹೇಳಿದ್ದೆ. ಪರದೇಶದವರ ಮುಂದೆ ತನ್ನಿಂದ ಏನೂ ತಪ್ಪಾಗಬಾರದು, ಮಗನಿಗೆ ಕೀಳಾಗಬಾರದು, ಒಮ್ಮೆ ಕುಳಿತು ನೋಡಿ ಬರೋಣ ಎಂದು ಹೋದಳಂತೆ. ಮನೆಯಲ್ಲಿ ಕಾಲು ತೊಳೆದುಕೊಂಡು, ಒಗೆದ ಸೀರೆ ಉಟ್ಟುಕೊಂಡು ಹೋಗಿದ್ದಾಳೆ. ಬಾಂಕಿನ ತುದಿಯಲ್ಲಿ ಅರ್ಧ ಮೈ ಊರಿ ಕುಳಿತಳಂತೆ.

ಯಾರೂ ಬೈಯಲಿಲ್ಲ. ರಾಮಲಿಂಗಪ್ಪಗೌಡರು ಗ್ಲಾಸು ಅರ್ಧಕ್ಕೇ ಬಿಟ್ಟು ಎದ್ದು ಹೊರಗೆ ಹೋದರು. ಅವರ ಹಿಂದೆ ದುಂಡಪ್ಪ ಹೋದ. ಆಮೇಲೆ ಉಳಿದವರು, ಒಬ್ಬೊಬ್ಬರೇ. ಅಂಗಡಿಯಲ್ಲಿ ಅವಳೊಬ್ಬಳೇ ಉಳಿದಳು. ನೀಲಪ್ಪ ಒಲೆಯಿಂದ ತಲೆ ಎತ್ತದೆ, “ಲಗಮವ್ವಾ, ಬಾಂಕ ತೊಳದ ಹೋಗವಾ,” ಅಂದ. ಅವಳು ಮನೆಗೆ ಬಂದು ಕೊಡ ತೆಗೆದುಕೊಂಡು ಹೋಗಿ, ಒಂದು ತುದಿಯಿಂದ ಇನ್ನೊಂದು ತುದಿಯವರೆಗೆ ಬಾಂಕು ತೊಳೆದು ಬಂದಳು. ಇದನ್ನು ನನಗೆ ಹೇಳಿದವನು ನೀಲಪ್ಪನೇ.

ನಾನು ಮನೆಗೆ ಬಂದಾಗ ಅಕ್ಕ ಎಮ್ಮೆಯ ಮುಂದೆ ಕುಳಿತಿದ್ದಳು. ಅಳುತ್ತಿರಲಿಲ್ಲ.

“ಬಾಳೂನ್ನ ಎಬ್ಬಿಸಿದ್ದಿಲ್ಲಲ್ಲೋ ತಮ್ಮಾ ಅವತ್ತ?” ಎಂದು ಕೇಳಿದಳು.

“ಇಲ್ಲಬೇ,” ಅಂದೆ. ಅದು ಸುಳ್ಳಲ್ಲ. ಗೋಣಿಯ ಮಾತು, ಕಪ್ಪಿನ ಮಾತು ಬಾಯಿಯವರೆಗೆ ಬಂದವು, ಹೊರಗೆ ಬರಲಿಲ್ಲ. ಇವತ್ತಿನವರೆಗೂ ಬಂದಿಲ್ಲ.

“ಹಂಗಾದ್ರ ಅವರದೇನೂ ತಪ್ಪಿಲ್ಲ ತಗೋ,” ಅಂದಳು, ಕರುವಿನ ಬೆನ್ನು ಒರೆಸುತ್ತಾ. “ನನಗ ಕುಂದರಾಕ ಬರಲಿಲ್ಲ. ಅವ ಮೂರು ತಿಂಗಳ ಅಲ್ಲಿದ್ದು ಕಲತ ಬಂದಾನ.”